ಡಾಂಬರ್ ಬೀಳುವ ಮೊದಲೇ ನೋಡಬೇಕಾದದ್ದು

ಗುತ್ತಿಗೆದಾರನ ಕೈಗುಣ ತಿಳಿಯಲು ನಾನು ಅವನ ಹೊಸ ರಸ್ತೆ ನೋಡುವುದಿಲ್ಲ. ಎರಡು ಮಳೆಗಾಲ ಕಳೆದ ರಸ್ತೆಯನ್ನು, ಅದೂ ಏಪ್ರಿಲ್–ಮೇ ಬಿಸಿಲಲ್ಲಿ ನೋಡುತ್ತೇನೆ. ನವಲಗುಂದ, ಗದಗ ಕಡೆಯ ಎರೆ ಭೂಮಿ ಆಗ ಬಾಯಿ ಬಿಟ್ಟಿರುತ್ತದೆ. ಅಂಚಿನಿಂದ ಒಂದೆರಡು ಅಡಿ ಒಳಗೆ ಉದ್ದಕ್ಕೂ ಬಿರುಕು ಓಡಿದ್ದರೆ, ಬದಿಗೆ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕದೆ ಎರೆ ಮಣ್ಣನ್ನೇ ಎಳೆದು ಮುಚ್ಚಿದ್ದಾರೆಂಬ ಅನುಮಾನ ಮೊದಲು ಬರುತ್ತದೆ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣಿನಲ್ಲಿ ಒಳ್ಳೆಯ ರಸ್ತೆ ಮಾಡಿದವನು ಇಲ್ಲಿಯೂ ಹಾಗೇ ಮಾಡುತ್ತಾನೆ ಅಂತಿಲ್ಲ.

ಕೆಲಸ ನಡೆಯುವಾಗ ನನ್ನ ಹೆಚ್ಚಿನ ಹೊತ್ತು ಹೋಗುವುದು ಡಾಂಬರಿಗಲ್ಲ, ಕೆಳಗಿನ ಪದರಗಳಿಗೆ. ಗರಸನ್ನು ಒಮ್ಮೆಲೇ ಒಂದು ಅಡಿಗಿಂತ ದಪ್ಪ ಸುರಿದು ಮೇಲೆ ರೋಲರ್ ಓಡಿಸಿದರೆ ಅಡಿಭಾಗ ಸಡಿಲವೇ ಉಳಿಯುತ್ತದೆ. ಒದ್ದೆ ಗರಸನ್ನು ಅಂಗೈಯಲ್ಲಿ ಹೊಸೆಯಿರಿ. ಬತ್ತಿಯಂತೆ ಉದ್ದ ಬಂದರೆ ಅದರಲ್ಲಿ ಜೇಡಿ ಹೆಚ್ಚಿದೆ, ಲ್ಯಾಬಿಗೆ ಕಳಿಸಿ. ವೆಟ್‌ಮಿಕ್ಸ್, ಅಂದರೆ ನೀರು ಬೆರೆಸಿ ಹಾಸಿದ ಖಡಿಯ ಪದರದಲ್ಲಿ, ಗುಂಡಿ ತೋಡಿ ಮರಳು ತುಂಬಿ ಸಾಂದ್ರತೆ ಅಳೆಯುವ ಪರೀಕ್ಷೆಯಲ್ಲಿ ಲ್ಯಾಬಿನ ಗರಿಷ್ಠ ಸಾಂದ್ರತೆಯ ಶೇ. 98 ಬರಬೇಕು. ಗುಂಡಿಯನ್ನು ಅಂಚಿನಲ್ಲೂ ತೆಗೆಸಿ. ನಡುವೆ ಎಲ್ಲರದ್ದೂ ಪಾಸಾಗುತ್ತದೆ.

ಹಳೆಯ ಡಾಂಬರ್ ಮೇಲೆ ಹೊಸ ಪದರ ಹಾಕುವುದಾದರೆ ಟ್ಯಾಕ್ ಕೋಟ್ (ಎರಡು ಪದರ ಅಂಟಲು ಹೊಡೆಯುವ ತೆಳು ಡಾಂಬರ್) ಚದರ ಮೀಟರಿಗೆ ಸುಮಾರು 200ರಿಂದ 300 ಗ್ರಾಂ. ಹೊಡೆದ ಎಮಲ್ಷನ್ (ನೀರಿನಲ್ಲಿ ಬೆರೆತ ಡಾಂಬರ್) ಕಂದು ಬಣ್ಣ ಬಿಟ್ಟು ಕಪ್ಪಾಗುವ ತನಕ ಮಾಲು ಹರಡುವ ಯಂತ್ರ, ಪೇವರ್, ಬರಬಾರದು. ಧೂಳು ಗುಡಿಸದೆ ಹೊಡೆದರೆ ಮುಂದೆ ಪದರ ಹಪ್ಪಳದಂತೆ ಏಳುತ್ತದೆ.

ಬಿಸಿ ಡಾಂಬರ್ ಮಾಲಿನ ಟಿಪ್ಪರ್ ಬಂದ ಕೂಡಲೇ ತಾಡಪತ್ರಿ ಸರಿಸಿ ಥರ್ಮಾಮೀಟರನ್ನು ರಾಶಿಯ ಒಳಗೆ ಚುಚ್ಚಿ. ವಿಜಿ-30 ದರ್ಜೆಯ ಡಾಂಬರಾದರೆ ಹರಡುವಾಗ 140 ಡಿಗ್ರಿಗೆ ಕಡಿಮೆ ಇರಬಾರದು, 90ಕ್ಕೆ ಇಳಿಯುವ ಮೊದಲು ರೋಲಿಂಗ್ ಮುಗಿಯಬೇಕು. ನೀಲಿ ಹೊಗೆ ಎದ್ದರೆ ಪ್ಲಾಂಟಿನಲ್ಲೇ ಸುಟ್ಟಿದೆ. ಖಡಿ ಹೊಳಪಿಲ್ಲದೆ ಕಂದಾಗಿದ್ದರೆ ಡಾಂಬರ್ ಕಡಿಮೆ ಇರಬಹುದು, ಮಾದರಿ ತೆಗೆದಿಡಿ. ತಣ್ಣಗಾದ ಲೋಡನ್ನು ವಾಪಸ್ ಕಳಿಸುವಾಗ ಮೇಸ್ತ್ರಿ ಮುಖ ಗಂಟಿಕ್ಕುತ್ತಾನೆ, ಗಂಟಿಕ್ಕಲಿ.

ದಪ್ಪದಲ್ಲಿ ಕಳ್ಳತನ ಹಿಡಿಯಲು ತೂಕದ ಚೀಟಿಗಳೇ ಸಾಕು. 100 ಮೀಟರ್ ಉದ್ದ, 5.5 ಮೀಟರ್ ಅಗಲ, 30 ಮಿ.ಮೀ. ದಪ್ಪ ಅಂದರೆ 16.5 ಘನ ಮೀಟರ್; ಘನ ಮೀಟರಿಗೆ 2.35 ಟನ್ ಹಿಡಿದರೆ ಸುಮಾರು 39 ಟನ್ ಮಾಲು ಬರಬೇಕು. ಚೀಟಿಗಳ ಮೊತ್ತ 32 ಆದರೆ ರಸ್ತೆ 25 ಮಿ.ಮೀ. ಆಸುಪಾಸು ಇದೆ. ಆಮೇಲೆ ಕೋರ್, ಅಂದರೆ ರಸ್ತೆ ಕೊರೆದು ತೆಗೆಯುವ ದುಂಡು ಮಾದರಿ, ತೆಗೆಸಿ. ಜಾಗವನ್ನು ನೀವೇ ತೋರಿಸಿ, ಅವರ ಆಯ್ಕೆಗೆ ಬಿಡಬೇಡಿ.

ಮೇಲ್ಮೈಗೆ 3 ಮೀಟರ್ ಉದ್ದದ ನೇರ ಪಟ್ಟಿ ಇಟ್ಟಾಗ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಟ್ಯಾಂಕರಿನಿಂದ ನೀರು ಬಿಟ್ಟೂ ನೋಡುತ್ತೇನೆ: ಅದು ಗಟಾರಕ್ಕೆ ಇಳಿಯದೆ ಅಂಚಿನಲ್ಲಿ ನಿಂತರೆ, ಬದಿಯ ಗರಸು ಕೆತ್ತಿ ಇಳಿಜಾರು ಸರಿ ಮಾಡುವ ತನಕ ಬಿಲ್ಲಿಗೆ ಸಹಿ ಇಲ್ಲ. ಕೋರ್ ತೆಗೆದ ತೂತುಗಳನ್ನೂ ಬಿಸಿ ಮಾಲಿನಿಂದಲೇ ಮುಚ್ಚಿಸಬೇಕು. ಮಣ್ಣು ತುಂಬಿ ಹೋದರೆ ಮೊದಲ ತಗ್ಗು ಬೀಳುವುದು ಅಲ್ಲೇ.