ಜ್ವರ ಯಾವತ್ತು ಶುರುವಾಯ್ತು? ರೆಮ್ಡೆಸಿವಿರ್ ಕೊಟ್ಟ ನನ್ನ ಅನುಭವ

2021ರ ಏಪ್ರಿಲ್‌ನಲ್ಲಿ ಮುಂಬೈನ ಕೋವಿಡ್ ವಾರ್ಡಿಗೆ ಯಾರೇ ಬಂದರೂ ನಾನು ಮೊದಲು ಕೇಳುತ್ತಿದ್ದದ್ದು, ಜ್ವರ ಯಾವತ್ತು ಶುರುವಾಯ್ತು ಅಂತ. ರಿಪೋರ್ಟ್ ಬಂದ ದಿನ ಅಲ್ಲ, ಮೈ ಬಿಸಿಯಾದ ದಿನ. ಮನೆಯವರು ನೆನಪಿಸಿಕೊಳ್ಳೋವರೆಗೂ ಬಿಡುತ್ತಿರಲಿಲ್ಲ.

ರೆಮ್ಡೆಸಿವಿರ್ ವೈರಸ್ ಬೆಳೆಯೋದನ್ನು ತಡೆಯುತ್ತದೆ. ವೈರಸ್ ಜೋರಾಗಿ ಬೆಳೆಯೋದು ಮೊದಲ ವಾರದಲ್ಲಿ. ಆಮೇಲೆ ಶ್ವಾಸಕೋಶ ಕೆಡಿಸೋದು ಬಹುಪಾಲು ದೇಹವೇ ಎಬ್ಬಿಸಿದ ಉರಿಯೂತ. ಅದಕ್ಕೇ ಜ್ವರ ಬಂದು ಹತ್ತು ದಿನ ದಾಟದ, ಆಕ್ಸಿಜನ್ ಬೇಕಾಗಿದ್ದವರಿಗೆ ಕೊಡುತ್ತಿದ್ದೆ. ವೆಂಟಿಲೇಟರ್ ಹಾಕಿದ ಮೇಲೆ ಹೊಸದಾಗಿ ಶುರು ಮಾಡುತ್ತಿರಲಿಲ್ಲ.

ಮೊದಲು ಲಿವರ್, ಕಿಡ್ನಿ ರಕ್ತಪರೀಕ್ಷೆ. ಮೊದಲ ದಿನ 200 ಮಿಲಿಗ್ರಾಂ, ಮುಂದಿನ ನಾಲ್ಕು ದಿನ 100. ಒಂದು ವಯಲ್ ಅಂದರೆ 100 ಮಿಲಿಗ್ರಾಂನ ಪುಟ್ಟ ಬಾಟಲಿ, ಒಟ್ಟು ಆರು. ಸಲೈನ್‌ನಲ್ಲಿ ಬೆರೆಸಿ ನಿಧಾನಕ್ಕೆ ಡ್ರಿಪ್. ಕೆಲವರಿಗೆ ನಾಡಿ ಇಳಿಯುತ್ತದೆ, ಮಾನಿಟರ್ ಮೇಲೆ ಕಣ್ಣಿರಬೇಕು.

ಕಷ್ಟ ಇದ್ದದ್ದು ವಾರ್ಡಿನ ಹೊರಗೆ. ಏಪ್ರಿಲ್ 11ಕ್ಕೆ ಕೇಂದ್ರ ಸರ್ಕಾರ ರಫ್ತು ನಿಲ್ಲಿಸಿದ್ದರೂ ಇಂಜೆಕ್ಷನ್ ಸಿಗುತ್ತಿರಲಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಿಂದ ಬಂದಿದ್ದ ಕಲಬುರಗಿ ಕಡೆಯ ಹುಡುಗನೊಬ್ಬ ನಾನು ಕನ್ನಡದವನು ಅಂತ ಗೊತ್ತಾದ ಕೂಡಲೇ ಕೈ ಹಿಡಿದುಕೊಂಡ. "ಸರ, ಬ್ಲ್ಯಾಕ್‌ನ್ಯಾಗರೆ ತರ್ತೀನ್ರಿ. ಅಪ್ಪಗ ಹಾಕ್ರಿ." ಅಪ್ಪನಿಗೆ ಜ್ವರ ಬಂದು ಎರಡು ವಾರ ಕಳೆದಿತ್ತು, ವೆಂಟಿಲೇಟರ್ ಮೇಲಿದ್ದರು. ಹುಡುಗ ಅಮ್ಮನ ಬಂಗಾರ ಮಾರಲು ತಯಾರಾಗಿದ್ದ.

ಅವನನ್ನು ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಮೆರಿಕದವರು ನಡೆಸಿದ 1062 ರೋಗಿಗಳ ಪ್ರಯೋಗದಲ್ಲಿ ಈ ಔಷಧಿ ಪಡೆದವರು ಸುಮಾರು 10 ದಿನಕ್ಕೆ ಚೇತರಿಸಿಕೊಂಡರು, ಪಡೆಯದವರು 15ಕ್ಕೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದವರ ಜೀವ ಇದರಿಂದ ಉಳಿದದ್ದು ಕಾಣಲಿಲ್ಲ. ಅವರಿಗೆ ನಿಜವಾಗಿ ಕೆಲಸ ಮಾಡಿದ್ದು ಡೆಕ್ಸಾಮೆಥಸೋನ್ ಅನ್ನೋ, ಉರಿಯೂತ ತಗ್ಗಿಸುವ ಸ್ಟೆರಾಯ್ಡ್, ದಿನಕ್ಕೆ 6 ಮಿಲಿಗ್ರಾಂ. ಬ್ರಿಟನ್ನಿನ 'ರಿಕವರಿ' ಅನ್ನೋ ಹೆಸರಿನ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದವರ ಸಾವು ಅದರಿಂದ ಮೂರನೇ ಒಂದರಷ್ಟು ತಗ್ಗಿತ್ತು. ಅಗ್ಗದ ಔಷಧಿ ಅಂದ್ರೆ ಜನ ನಂಬೋದೇ ಕಷ್ಟ, ಅಲ್ವಾ?

"ಹಂಗಾದ್ರ ಅದನ್ನ ಕೊಡಾಕತ್ತೀರೇನ್ರಿ?" ಅಂದ. ಹೂಂ, ಬಂದ ದಿನದಿಂದಲೂ ಕೊಡುತ್ತಿದ್ದೇವೆ ಅಂತ ಚಾರ್ಟ್ ತಂದು ತೋರಿಸಿದೆ. ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್, ಬೋರಲು ಮಲಗಿಸುವುದು, ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದೆ.

ಇಂಜೆಕ್ಷನ್ ಚೀಟಿ ಬರೆದು ಮನೆಯವರ ಕೈಗೆ ಕೊಟ್ಟು ಕಳಿಸೋದು ನನಗೆ ಯಾವತ್ತೂ ಸರಿ ಕಾಣಲಿಲ್ಲ. ಆಸ್ಪತ್ರೆಗೆ ಬಂದ ವಯಲ್‌ಗಳನ್ನು ಮೊದಲ ವಾರದಲ್ಲೇ ದಾಖಲಾದವರಿಗೆ ಎತ್ತಿಡುತ್ತಿದ್ದೆ.