ಪೋಲ್‌ವಾಲ್ಟ್‌ಗೆ ಎತ್ತರ ಎಷ್ಟಿರಬೇಕು? ಮೊದಲು ಕೈ ಮೇಲೆತ್ತಿ ನಿಲ್ಲಿ

ಪೋಲ್‌ವಾಲ್ಟ್, ಅಂದರೆ ಉದ್ದನೆಯ ಕೋಲು (ಪೋಲ್) ಊರಿ ಎತ್ತರದ ಬಾರ್ ದಾಟುವ ಆಟ. ಇದಕ್ಕೆ ಹೊಸ ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಇದನ್ನೇ. “ಮೇಡಂ, ನಮ್ಮ ಹುಡುಗಿ ಕುಳ್ಳಿ. ಇವಳ ಕೈಲಿ ಆಗುತ್ತಾ?” ನನ್ನ ಎತ್ತರ 157 ಸೆಂಟಿಮೀಟರ್. ಹದಿನಾಲ್ಕನೇ ವಯಸ್ಸಿನಲ್ಲಿ ನನ್ನನ್ನೂ ಒಬ್ಬ ಕೋಚ್ ಇದೇ ಕಾರಣ ಹೇಳಿ ವಾಪಸ್ ಕಳಿಸಿದ್ದರು. ಎರಡು ವರ್ಷ ಹೋಯಿತು. ಬೇರೆ ಮಗುವಿಗೆ ಹಾಗಾಗಬಾರದು.

ಎತ್ತರ ಲೆಕ್ಕಕ್ಕೇ ಬರುವುದಿಲ್ಲ ಅಂದರೆ ಅದು ಸುಳ್ಳು. ಉದ್ದಗಿರುವವರ ಕೈ ಮೇಲೆ ಹೋಗುತ್ತದೆ. ನೆಲ ಬಿಡುವ ಹೊತ್ತಿಗೇ ಅವರ ಪೋಲ್ ಜಾಸ್ತಿ ಎದ್ದಿರುತ್ತದೆ, ಅದನ್ನು ನೆಟ್ಟಗೆ ನಿಲ್ಲಿಸುವುದು ಸುಲಭ. ಆದರೆ ಓಟ ಕೊಡುವಷ್ಟನ್ನು ಎತ್ತರ ಕೊಡುವುದಿಲ್ಲ. ಸೆಕೆಂಡಿಗೆ 7 ಮೀಟರ್ ವೇಗವೆಲ್ಲ ಮೇಲಕ್ಕೆ ತಿರುಗಿತು ಅಂದುಕೊಳ್ಳಿ, ದೇಹ ಸುಮಾರು 2.5 ಮೀಟರ್ ಏರುತ್ತದೆ. ವೇಗ 7.5 ಆದರೆ 2.87. ಅಂದರೆ 37 ಸೆಂಟಿಮೀಟರ್ ಲಾಭ. ಅದೇ 10 ಸೆಂಟಿಮೀಟರ್ ಉದ್ದಗಿರುವ ಹುಡುಗಿಯ ದೇಹದ ನಡುಬಿಂದು ಮೇಲಿರುವುದು ಐದಾರು ಸೆಂಟಿಮೀಟರ್ ಅಷ್ಟೇ.

1993ರಲ್ಲಿ ಉಕ್ರೇನಿನ ಸೆರ್ಗೆಯ್ ಬುಬ್ಕಾ ತಮ್ಮ ದೇಶದ ಡೊನೆಟ್ಸ್ಕ್‌ನಲ್ಲಿ 6.15 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ್ದರು. ಅವರ ಎತ್ತರ 183 ಸೆಂಟಿಮೀಟರ್. 2014ರಲ್ಲಿ ಅದೇ ಊರಿನಲ್ಲಿ 6.16 ಹಾರಿ ಆ ದಾಖಲೆ ಮುರಿದ ಫ್ರಾನ್ಸಿನ ರೆನೊ ಲಾವಿಲೆನಿ ಸುಮಾರು 177. 2025ರಲ್ಲಿ ಟೋಕಿಯೊದಲ್ಲಿ 6.30 ದಾಟಿದ ಸ್ವೀಡನ್ನಿನ ಅರ್ಮಾಂಡ್ ಡುಪ್ಲಾಂಟಿಸ್ ಸುಮಾರು 181. ಯಾರೂ ತೆಂಗಿನ ಮರದಂತಿಲ್ಲ, ಅಲ್ವಾ?

ಹಾಗಾಗಿ ಗೋಡೆಗೆ ನಿಲ್ಲಿಸಿ ತಲೆ ಅಳೆಯಬೇಡಿ. ಕೈ ಅಳೆಯಿರಿ. ಪೋಲ್ ನೆಟ್ಟಗೆ ನಿಲ್ಲಿಸಿ, ಬಲಗೈ ಪೂರ್ತಿ ಮೇಲೆತ್ತಿ ಎಲ್ಲಿ ಸಿಗುತ್ತದೋ ಅಲ್ಲಿ ಟೇಪ್ ಸುತ್ತಿ. ಮೊದಲ ದಿನದ ಹಿಡಿತ ಅದೇ. ಪೋಲ್ ಸರಾಗವಾಗಿ ನೆಟ್ಟಗಾಗಿ ಮಗು ಮ್ಯಾಟಿನ ನಡುವೆ ಬೀಳುತ್ತಿದ್ದರೆ ಒಂದು ಹಿಡಿ ಮೇಲೇರಿಸಿ. ಬಾಕ್ಸಿನ (ಪೋಲಿನ ತುದಿ ಊರುವ, ನೆಲದಲ್ಲಿನ ಗುಂಡಿ) ಹತ್ತಿರವೇ ಬೀಳುತ್ತಿದ್ದರೆ ತಕ್ಷಣ ಇಳಿಸಿ. ಇದರಲ್ಲಿ ಹಟ ಬೇಡ.

ಎತ್ತರದ ವ್ಯತ್ಯಾಸ ನಿಜವಾಗಿ ಕಾಣುವುದು ಟೇಕ್‌ಆಫ್ ಗುರುತಿನಲ್ಲಿ, ಅಂದರೆ ನೆಲ ಬಿಡುವಾಗ ಕಾಲಿಡುವ ಜಾಗದಲ್ಲಿ. ನನ್ನ ಹತ್ತಿರ ಈಗ ಇಬ್ಬರು ಹುಡುಗಿಯರಿದ್ದಾರೆ. ಒಬ್ಬಳು 172, ಇನ್ನೊಬ್ಬಳು 156. ಇಬ್ಬರದೂ 3.20 ಮೀಟರ್ ಹಿಡಿತ, ಅಂದರೆ ಪೋಲಿನ ಕೆಳತುದಿಯಿಂದ ಮೇಲಿನ ಕೈವರೆಗೆ ಅಷ್ಟು. ಪೋಲಿನ ತುದಿಯನ್ನು ಬಾಕ್ಸಿನಲ್ಲಿಟ್ಟು, ಮೇಲಿನ ಕೈ ನೆತ್ತಿಯ ಮೇಲೆ ನೇರ ಮಾಡಿ, ಎಡಗಾಲಿನ ತುದಿಬೆರಳ ಮೇಲೆ ನಿಲ್ಲಿಸಿದೆ. ಕಾಲಿನ ತುದಿ ಮೇಲಿನ ಕೈಯ ನೇರ ಕೆಳಗಿರಬೇಕು. ಉದ್ದದವಳ ಗುರುತು ಬಾಕ್ಸಿನಿಂದ 2 ಮೀಟರಿಗೆ ಬಂತು. ಚಿಕ್ಕವಳದು 2.25ಕ್ಕೆ. ಒಂದು ಗೇಣಿಗಿಂತ ಜಾಸ್ತಿ! ಇಬ್ಬರನ್ನೂ ಒಂದೇ ಗುರುತಿನಿಂದ ಹಾರಿಸಿದರೆ ಚಿಕ್ಕವಳ ಕಾಲು ತೀರಾ ಒಳಗೆ ಬೀಳುತ್ತದೆ. ಪೋಲ್ ಅವಳ ಭುಜವನ್ನು ಹಿಂದಕ್ಕೆ ಜಗ್ಗುತ್ತದೆ, ಸೊಂಟಕ್ಕೆ ಪೆಟ್ಟು. ಆಮೇಲೆ ನಾವು “ಕುಳ್ಳಿ, ಅದಕ್ಕೇ ಏಳುತ್ತಿಲ್ಲ” ಅನ್ನುತ್ತೇವೆ. ತಪ್ಪು ಗುರುತಿನದು. ಎಡಗೈ ಆಟಗಾರರಿಗೆ ಕೈ ಕಾಲು ಎರಡನ್ನೂ ಅದಲುಬದಲು ಮಾಡಿ.

ಪೋಲ್ ಆರಿಸುವಾಗ ಅದರ ಮೇಲೆ ಬರೆದಿರುವ ತೂಕ ನೋಡಿ. ಅದು ಮಗುವಿನ ತೂಕಕ್ಕಿಂತ ಕಡಿಮೆ ಇರಲೇಬಾರದು, ಮುರಿಯಬಹುದು. ಉದ್ದಗಿದ್ದಾಳೆ ಅಂತ ಸುಮ್ನೆ ಉದ್ದದ ಪೋಲ್ ಕೊಡಬೇಡಿ. ಎಷ್ಟು ಮೇಲೆ ಹಿಡಿದು ಅದನ್ನು ನೆಟ್ಟಗೆ ಮಾಡಬಲ್ಲಳು ಅನ್ನುವುದೇ ಅಳತೆ.

ಗಾಳಿಯಲ್ಲಿ ಇಬ್ಬರ ತೊಂದರೆಯೂ ಬೇರೆ. ಉದ್ದ ಕಾಲು ಬೀಸಲು ಭಾರ. ಭಾರ ತಾಳಲಾರದೆ ಅವಳು ಹಿಂದಿನ ಕಾಲಿನ ಮಂಡಿ ಬೇಗ ಮಡಚುತ್ತಾಳೆ, ಬೀಸಿನ ಜೋರು ಅಲ್ಲೇ ಸೋರಿಹೋಗುತ್ತದೆ. ಅವಳಿಗೆ ವಾರಕ್ಕೆ ಮೂರು ದಿನ ಸಿಂಗಲ್ ಬಾರ್‌ಗೆ ಜೋತುಬಿದ್ದು, ಕಾಲು ನೇರವಿಟ್ಟು, ಪಾದವನ್ನು ಬಾರ್‌ಗೆ ಮುಟ್ಟಿಸುವ ಕೆಲಸ. ಐದು ಸಲ ಚೆನ್ನಾಗಿ ಮಾಡಿದರೆ ಸಾಕು. ಚಿಕ್ಕವಳದು ಉಲ್ಟಾ. ಚಕ್ಕನೆ ತಲೆಕೆಳಗಾಗುತ್ತಾಳೆ, ಪೋಲ್ ಇನ್ನೂ ಎದ್ದಿರುವುದಿಲ್ಲ. “ಎದೆ ಮುಂದೆ, ಎದೆ ಮುಂದೆ” ಅಂತ ಕೂಗುತ್ತಲೇ ಇರುತ್ತೇನೆ. ಕಾಯುವುದನ್ನು ಕಲಿತ ದಿನ ಅವಳು ಮ್ಯಾಟಿನ ಒಳಗೆ ಎಷ್ಟು ದೂರ ಹೋಗಿ ಬಿದ್ದಳೆಂದರೆ, ನನ್ನ ಕಣ್ಣು ತುಂಬಿಬಂತು.

ದಾಟಬೇಕಾದ ಬಾರನ್ನು ಬಾಕ್ಸಿನ ಹಿಂಬದಿಯಿಂದ ಮ್ಯಾಟಿನ ಕಡೆಗೆ 80 ಸೆಂಟಿಮೀಟರಿನವರೆಗೆ ಸರಿಸಬಹುದು. ಹೊಸಬರಿಗೆ, ಎತ್ತರ ಎಷ್ಟೇ ಇರಲಿ, 80ರಲ್ಲೇ ಇಡಿ. ಮ್ಯಾಟಿನ ಮೇಲೆ ಬೀಳುವುದು ಮೊದಲು, ಬಾರ್ ಆಮೇಲೆ.

ಬೆಳೆಯುವ ಮಕ್ಕಳ ಅಳತೆಯನ್ನು ಆರು ವಾರಕ್ಕೊಮ್ಮೆ ಮತ್ತೆ ತೆಗೆಯಿರಿ. ಕೈ ಉದ್ದವಾಗುತ್ತದೆ, ಓಟದ ಹೆಜ್ಜೆಯೂ ಉದ್ದವಾಗುತ್ತದೆ. ರಜೆ ಮುಗಿಸಿ ಬಂದ ಮಗು ಇದ್ದಕ್ಕಿದ್ದಂತೆ ಎಡವುತ್ತಿದ್ದರೆ ಬೈಯಬೇಡಿ. ಟೇಪ್ ತಂದು ಹಳೆಯ ಚಾಕ್ ಗುರುತು ಅಳಿಸಿ, ಹೊಸದು ಹಾಕಿ.