ಕೊನೆಯವರು ಹೊರಗೆ: ಜಾತ್ರೆಯ ಸೈಕಲ್ ಸ್ಪರ್ಧೆಯಲ್ಲಿ ನನ್ನ ಅನುಭವ

ನಮ್ಮೂರ ಜಾತ್ರೆಯ ಸೈಕಲ್ ಸ್ಪರ್ಧೆಯನ್ನು ಹನ್ನೊಂದು ವರ್ಷಗಳಿಂದ ನಾನು ನಡೆಸುತ್ತ ಬಂದಿದ್ದೇನೆ. ಊರು ಗದಗ–ಮುಂಡರಗಿ ರಸ್ತೆಯಿಂದ ಸ್ವಲ್ಪ ಒಳಗಿದೆ; ಸುತ್ತಲೂ ಎರೆಹೊಲ, ದೂರದಲ್ಲಿ ಕಪ್ಪತಗುಡ್ಡ ಮತ್ತು ಗಾಳಿಯಂತ್ರಗಳ ಸಾಲು. ಕಳೆದ ಮೂರು ವರ್ಷಗಳಿಂದ ನಾವು ಅನುಸರಿಸುತ್ತಿರುವ, ಸುತ್ತಿನ ಕೊನೆಯವರನ್ನು ಹೊರಗೆ ಕರೆಯುವ ಪದ್ಧತಿಯಲ್ಲಿ ಸ್ಪರ್ಧೆ ಮುಗಿಯುವ ತನಕ ಜನ ಕದಲುವುದಿಲ್ಲ. ಇದು ನಡೆಯುವ ಮಾತಲ್ಲ ಎಂದಿದ್ದವರೇ ಈಗ ನಿಯಮದ ಹಾಳೆ ಕೇಳಿಕೊಂಡು ಬರುತ್ತಿರುವುದರಿಂದ, ನನ್ನಂತೆಯೇ ಜಾತ್ರೆಗಳಲ್ಲಿ ಸ್ಪರ್ಧೆ ನಡೆಸುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲ ಐದು ವರ್ಷ ನಾವೂ ಎಲ್ಲರಂತೆ ಹದಿನಾರು ಕಿಲೋಮೀಟರ್ ಹೋಗಿ ಹದಿನಾರು ಕಿಲೋಮೀಟರ್ ಬರುವ ಸ್ಪರ್ಧೆ ಇಡುತ್ತಿದ್ದೆವು. ಹಸಿರು ಬಾವುಟ ಬೀಸಿದ ಮೇಲೆ ಊರಿನವರಿಗೆ ಸುಮಾರು ಒಂದು ತಾಸು ನೋಡಲು ಏನೂ ಇರುತ್ತಿರಲಿಲ್ಲ. ದಾರಿಯಲ್ಲಿಯೂ ಹೇಳಿಕೊಳ್ಳುವಂಥದ್ದೇನೂ ನಡೆಯುತ್ತಿರಲಿಲ್ಲ, ಏಕೆಂದರೆ ಮುಂದೆ ಹೋದವನು ಗಾಳಿಯನ್ನು ಒಬ್ಬನೇ ಸೀಳಬೇಕು, ಹಿಂದಿನವನು ಅವನ ಬೆನ್ನಿಗೆ ಅಂಟಿಕೊಂಡು ಶಕ್ತಿ ಉಳಿಸಿಕೊಳ್ಳಬಹುದು; ಬಹುಮಾನವೆಲ್ಲ ಕೊನೆಯ ಗೆರೆಯಲ್ಲಿಯೇ ಇದ್ದಾಗ ಬುದ್ಧಿ ಇದ್ದವನು ಯಾರೂ ಮುಂದೆ ಹೋಗುವುದಿಲ್ಲ. ಒಂದು ವರ್ಷವಂತೂ ಇಪ್ಪತ್ತೆರಡು ಹುಡುಗರು ಮಾತಾಡಿಕೊಳ್ಳುತ್ತ ಒಟ್ಟಿಗೇ ಬಂದು, ಅಗಸಿ ಬಾಗಿಲ ಹತ್ತಿರ ಕೊನೆಯ ಇನ್ನೂರು ಮೀಟರ್ ಮಾತ್ರ ಜೋರಾಗಿ ತುಳಿದರು. ಅದನ್ನು ನೋಡಿದ ಮೇಲೆ ತಪ್ಪು ಹುಡುಗರದಲ್ಲ, ನಾವು ಇಟ್ಟ ಲೆಕ್ಕದ್ದು ಎಂದು ನನಗೆ ಖಚಿತವಾಯಿತು.

ಮೊದಲು ಮಾಡಿದ ಬದಲಾವಣೆಯೇ ಕೈಕೊಟ್ಟಿತು. ಹೆದ್ದಾರಿಯ ಬಸ್ ನಿಲ್ದಾಣವನ್ನು ಮೊದಲು ದಾಟಿದವನಿಗೆ 501 ರೂಪಾಯಿ ಎಂದು ಮೈಕಿನಲ್ಲಿ ಸಾರಿದೆವು. ಒಬ್ಬ ಹುಡುಗ ಜೀವ ಒತ್ತೆಯಿಟ್ಟು ತುಳಿದು ಅದನ್ನು ಗೆದ್ದ, ಅಲ್ಲಿಯೇ ಸೈಕಲ್ ಇಳಿದು ಚಹದಂಗಡಿಯಲ್ಲಿ ಕುಳಿತ. ಉಳಿದವರು ಅವನನ್ನು ನೋಡಲೂ ಇಲ್ಲ. ದಾರಿಯ ನಡುವಿನ ಬಹುಮಾನ ಕೊನೆಯ ಫಲಿತಾಂಶಕ್ಕೆ ಸೇರದಿದ್ದರೆ ಅದರಿಂದ ಸ್ಪರ್ಧೆಗೆ ಏನೂ ಆಗುವುದಿಲ್ಲವೆಂದು ತಿಳಿಯಲು ಆ 501 ರೂಪಾಯಿ ಖರ್ಚಾಯಿತು.

ಮರುವರ್ಷ ಮಾರ್ಗವನ್ನು ಊರ ಸುತ್ತಲಿನ 2.3 ಕಿಲೋಮೀಟರಿಗೆ ಇಳಿಸಿ, ಅಂಕಗಳ ಸ್ಪರ್ಧೆ ಇಟ್ಟೆ. ವೆಲೊಡ್ರೋಮ್ (ಸೈಕಲ್ ಸ್ಪರ್ಧೆಗೆಂದೇ ಕಟ್ಟಿದ ಟ್ರ್ಯಾಕ್) ಪಾಯಿಂಟ್ಸ್ ರೇಸಿನಂತೆಯೇ ನಿಗದಿತ ಸುತ್ತುಗಳಿಗೊಮ್ಮೆ ಮೊದಲ ನಾಲ್ವರಿಗೆ 5, 3, 2, 1 ಅಂಕ, ಕೊನೆಯ ಬಾರಿ ಎರಡರಷ್ಟು. ಅಲ್ಲಿ ಇಡೀ ಒಂದು ಸುತ್ತು ಮುಂದೆ ಹೋದವನಿಗೆ 20 ಅಂಕವೂ ಇದೆ; 250 ಮೀಟರಿನ ಟ್ರ್ಯಾಕಿಗೆ ಅದು ಸರಿ, ನಮ್ಮ ಸುತ್ತಿನಲ್ಲಿ ಯಾರೂ ಅಷ್ಟು ಮುಂದೆ ಹೋಗಲಾರರೆಂದು ಕೈಬಿಟ್ಟೆ. ಹುಡುಗರು ನಿಜಕ್ಕೂ ಪೈಪೋಟಿಗೆ ಬಿದ್ದು ತುಳಿದರು. ಆದರೆ ಅಂಕ ಬರೆದುಕೊಳ್ಳಲು ನಾನು ಇಬ್ಬರನ್ನು ಎರಡು ವಹಿ ಕೊಟ್ಟು ಕೂರಿಸಿದ್ದೆ. ಕೊನೆಗೆ ಒಬ್ಬರ ವಹಿಯಲ್ಲಿ ಒಬ್ಬ ಗೆದ್ದಿದ್ದ, ಇನ್ನೊಬ್ಬರ ವಹಿಯಲ್ಲಿ ಮತ್ತೊಬ್ಬ. ವ್ಯತ್ಯಾಸ ಒಂದೇ ಅಂಕ. ಮಧ್ಯಾಹ್ನದ ತನಕ ಜಗಳ ನಡೆದು, ಕಡೆಗೆ ಇಬ್ಬರಿಗೂ ಮೊದಲ ಬಹುಮಾನ ಕೊಟ್ಟು ಹೆಚ್ಚಿನ ಮೂರು ಸಾವಿರದಷ್ಟನ್ನು ನನ್ನ ಸಂಬಳದಿಂದ ತುಂಬಿದೆ. ನೋಡುವವರಿಗೂ ಯಾರು ಮುಂದಿದ್ದಾರೆ ಎಂಬುದೇ ತಿಳಿಯಲಿಲ್ಲ. ಜಾತ್ರಾ ಕಮಿಟಿಯ ಹಿರಿಯರೊಬ್ಬರು ಅಂದೇ ಹೇಳಿದರು: "ಮಾಸ್ತರ್ರ, ಮೊದ್ಲ ಬಂದಾಂವ ಗೆದ್ದಾಂವ. ಇದ್ರಾಗ ಗಣಿತ ಯಾಕ ತಂದ್ರಿ?"

ಮೂರನೆಯ ಪ್ರಯೋಗವು ಅಂತರದ ಆರಂಭ. ಸಾದಾ ಸೈಕಲ್ಲಿನವರನ್ನು ಮೊದಲು ಬಿಟ್ಟು ಗೇರ್ ಸೈಕಲ್ಲಿನವರನ್ನು ಕೆಲವು ನಿಮಿಷಗಳ ನಂತರ ಬಿಡುವುದು. ಆಸ್ಟ್ರೇಲಿಯಾದಲ್ಲಿ 1895ರಲ್ಲಿ ಆರಂಭವಾದ ಮೆಲ್ಬರ್ನ್–ವಾರ್ನಾಂಬೂಲ್ ಸ್ಪರ್ಧೆ ಹೆಚ್ಚುಕಡಿಮೆ ನೂರು ವರ್ಷ ಹೀಗೆಯೇ ನಡೆಯಿತು. ನಮ್ಮಲ್ಲಿ ಅಂತರ ನಿರ್ಧರಿಸಲು ಹಿಂದಿನ ದಿನ ಎಲ್ಲರನ್ನೂ ಒಂದು ಸುತ್ತು ಓಡಿಸಿ ಸಮಯ ತೆಗೆದೆವು. ಜಾಣರು ಅಂದು ಬೇಕೆಂದೇ ನಿಧಾನ ತುಳಿದು ಮರುದಿನ ಹಾರಿಹೋದರು. ಈಗ ಈ ಅಂತರವನ್ನು ಸಾದಾ ಸೈಕಲ್ಲಿನವರ ಪ್ರತ್ಯೇಕ ಸ್ಪರ್ಧೆಯಲ್ಲಿ, ವಯಸ್ಸಿನ ಮೇಲೆ ಮಾತ್ರ ಉಳಿಸಿಕೊಂಡಿದ್ದೇನೆ.

ಮೂರು ಸೋಲುಗಳ ನಂತರ ಕೈಹಿಡಿದದ್ದು ಎಲಿಮಿನೇಷನ್. ಇದರಲ್ಲಿ ಗಣಿತವಿಲ್ಲ. ಸುತ್ತು ಮುಗಿಸುವಾಗ ಕೊನೆಯಲ್ಲಿದ್ದವನು ಹೊರಗೆ. ಅಜ್ಜಿಯಿಂದ ಮೊಮ್ಮಗನ ತನಕ ಎಲ್ಲರಿಗೂ ತಿಳಿಯುತ್ತದೆ. ಈಗ ಸುಮಾರು ನಲವತ್ತೈದು ಜನ ಹೆಸರು ಕೊಡುತ್ತಾರೆ. ಹದಿನೈದು ಜನರ ಮೂರು ತಂಡ ಮಾಡಿ, ಮೊದಲ ಸುತ್ತನ್ನು ಸುಮ್ಮನೆ ಬಿಟ್ಟು, ನಂತರದ ಐದು ಸುತ್ತುಗಳಲ್ಲಿ ಪ್ರತಿ ಸಲ ಕೊನೆಯ ಇಬ್ಬರನ್ನು ಹೊರಗೆ ಕರೆಯುತ್ತೇವೆ. ಪ್ರತಿ ತಂಡದಲ್ಲಿ ಉಳಿದ ಐವರಂತೆ ಹದಿನೈದು ಜನ ಅಂತಿಮ ಸ್ಪರ್ಧೆಗೆ ಬರುತ್ತಾರೆ. ಅಂತಿಮವು ಹನ್ನೆರಡು ಸುತ್ತಿನ ಅಂಕಗಳ ಸ್ಪರ್ಧೆ, ಮೂರು ಸುತ್ತಿಗೊಮ್ಮೆ ಅಂಕಕ್ಕಾಗಿ ಗಂಟೆ ಬಾರಿಸುತ್ತೇವೆ. ಕೈಬಿಟ್ಟಿದ್ದ ಅಂಕಗಳನ್ನು ಮರಳಿ ತರಲು ಧೈರ್ಯ ಬಂದದ್ದು ಶಾಲೆಯ ಕಪ್ಪು ಹಲಗೆಯಿಂದ: ಗುಡಿಯ ಕಟ್ಟೆಯ ಮೇಲೆ ಹಲಗೆ ನಿಲ್ಲಿಸಿ, ಒಬ್ಬರೇ ಬರೆಯುವಂತೆ ಮಾಡಿ, ಪ್ರತಿ ಗಂಟೆಯ ನಂತರ ಮೈಕಿನಲ್ಲಿ ಓದಿಸಿದೆ. ತಪ್ಪಿದ್ದರೆ ಜನರೇ ಅಲ್ಲಿಯೇ ಕೂಗಿ ಹೇಳುತ್ತಾರೆ. ಅಂಕ ಸಮವಾದರೆ ಕೊನೆಯ ಗೆರೆಯಲ್ಲಿ ಮುಂದಿದ್ದವನಿಗೆ ಸ್ಥಾನ.

ಹೊರಗೆ ಕರೆಯುವ ಕೆಲಸ ಮಾತ್ರ ಸುಲಭವಲ್ಲ. ಮೊದಲ ವರ್ಷ ಸುಣ್ಣದ ಗೆರೆ ಎಳೆದಿದ್ದೆವು. ಮೂರನೆಯ ಸುತ್ತಿಗೆ ಟೈರುಗಳೇ ಅದನ್ನು ಅಳಿಸಿದವು. ಈಗ ಹಿಂದಿನ ಸಂಜೆಯೇ ಬಿಳಿ ಆಯಿಲ್ ಪೇಂಟಿನಿಂದ ಅಂಗೈ ಅಗಲದ ಗೆರೆ ಹಾಕಿಸುತ್ತೇನೆ. ಗೆಲುವನ್ನು ಮುಂದಿನ ಗಾಲಿಯಿಂದ ನೋಡಿದರೆ, ಹೊರಹೋಗುವವನನ್ನು ಹಿಂದಿನ ಗಾಲಿಯಿಂದ ನೋಡಬೇಕು. ಯಾರ ಹಿಂದಿನ ಗಾಲಿ ಕಡೆಗೆ ಗೆರೆ ದಾಟಿತೋ ಅವನೇ ಹೊರಗೆ. ಗೆರೆಗೆ ನೇರವಾಗಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಇಟ್ಟಿಗೆಗಳ ನಡುವೆ ಮೊಬೈಲ್ ಸಿಕ್ಕಿಸಿ ಸ್ಲೋ ಮೋಷನ್‌ನಲ್ಲಿ ಹಿಡಿಯುತ್ತೇವೆ. ಎದುರಿಗೆ ಬೆಳಗಿನ ಬಿಸಿಲು ಬೀಳದಂತೆ ಮೊಬೈಲ್ ಪೂರ್ವದ ಕಡೆ ಇರಬೇಕು, ಇಲ್ಲದಿದ್ದರೆ ನಂಬರ್ ಕಾಣುವುದಿಲ್ಲ. ತೀರ್ಪು ಅರ್ಧ ನಿಮಿಷದೊಳಗೆ ಬರಬೇಕು, ತಡವಾದರೆ ಹೊರಗಾದವನು ಮತ್ತೆ ಗುಂಪಿನಲ್ಲಿ ಬೆರೆತಿರುತ್ತಾನೆ.

ಗೆರೆ ಎಲ್ಲಿರಬೇಕೆಂಬುದಕ್ಕೂ ನಾನು ಬಹಳ ತಲೆ ಕೆಡಿಸಿಕೊಂಡಿದ್ದೇನೆ. ನಮ್ಮ ಸುತ್ತಿನಲ್ಲಿ ಕೆರೆಯ ಏರಿ ದಾಟಿದ ಮೇಲೆ ಒಂದು ಗಿಡವೂ ಇಲ್ಲದ ಆರುನೂರು ಮೀಟರ್ ಎರೆಹೊಲದ ದಾರಿ ಇದೆ. ಅಲ್ಲಿ ಪಡುವಣ ಗಾಳಿ ಮಗ್ಗುಲಿಗೆ ಹೊಡೆಯುತ್ತದೆ. ಮಗ್ಗುಲ ಗಾಳಿಯಲ್ಲಿ ಆಸರೆ ಸಿಗುವುದು ನೇರ ಹಿಂದೆ ಅಲ್ಲ, ಓರೆಯಾಗಿ; ರಸ್ತೆಯ ಅಗಲದಲ್ಲಿ ನಾಲ್ಕೈದು ಜನರಿಗಷ್ಟೇ ಆ ಆಸರೆ, ಉಳಿದವರು ಅಂಚಿಗೆ ಬಿದ್ದು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಾರೆ. ಗೆರೆಯನ್ನು ಆ ದಾರಿ ಮುಗಿದ ತಕ್ಷಣ ಇಟ್ಟ ವರ್ಷದಿಂದ ಗುಂಪು ಒಡೆಯತೊಡಗಿತು. ರಸ್ತೆಯಂಚಿನ ಜಾಲಿಮುಳ್ಳನ್ನು ಹಿಂದಿನ ದಿನ ಗುಡಿಸಿಸಲು ನಾಲ್ಕು ಆಳು ಬೇಕು. ಗುಡಿಸದ ವರ್ಷ ಒಂದೇ ತಂಡದಲ್ಲಿ ಏಳು ಪಂಚರ್ ಆದದ್ದು ನೆನಪಿದೆ.

ಹಣದ ಮಾತಿನಲ್ಲಿ ದಾನಿಗಳನ್ನು ಒಪ್ಪಿಸುವುದು ಗೆರೆ ಎಳೆಯುವುದಕ್ಕಿಂತ ಕಷ್ಟವಾಯಿತು. ಹಳೆಯ ಪದ್ಧತಿಯಲ್ಲಿ 10,001, 7,001, 5,001 ಎಂದು ಮೂರೇ ಬಹುಮಾನ. ನಾನು ಅವನ್ನು 6,001, 4,001, 3,001ಕ್ಕೆ ಇಳಿಸಿ, ಮಿಕ್ಕದ್ದರಲ್ಲಿ ಅಂತಿಮಕ್ಕೆ ಬಂದ ಹದಿನೈದು ಜನರಿಗೆ ತಲಾ 300, ಪ್ರತಿ ಗಂಟೆಗೆ ಮೊದಲು ಬಂದವನಿಗೆ 501, ಉಳಿದದ್ದು ಸಾದಾ ಸೈಕಲ್ಲಿನವರಿಗೆ ಎಂದು ಹಂಚಿದೆ. ಮೊದಲ ಬಹುಮಾನದ ದಾನಿಗಳು ಬೇಸರಪಟ್ಟು, "ಬಹುಮಾನ ಸಣ್ಣದಾತಂದ್ರ ನನ್ನ ಹೆಸ್ರೂ ಸಣ್ಣದಾತಲ್ರಿ ಮಾಸ್ತರ್ರ" ಎಂದರು. ಹಳೆಯ ಲೆಕ್ಕದಲ್ಲಿ ಅವರ ಹೆಸರನ್ನು ಮೈಕಿನಲ್ಲಿ ಒಂದು ಸಲ ಹೇಳುತ್ತಿದ್ದೆವು. ಹೊಸ ಲೆಕ್ಕದಲ್ಲಿ ನಾಲ್ಕೂ ಗಂಟೆಗೆ ಅವರ ಹೆಸರನ್ನೇ ಇಟ್ಟೆ. ಅವರು ಈಗ ನಾನು ಕೇಳುವ ಮೊದಲೇ ಹಣ ಕಳಿಸುತ್ತಾರೆ. ಪೇಂಟು, ಮೈಕು, ಉಪ್ಪಿಟ್ಟು, ಆಂಬ್ಯುಲೆನ್ಸ್ ಎಲ್ಲ ಸೇರಿ ಒಟ್ಟು ಖರ್ಚು ನಲವತ್ತು ಸಾವಿರದ ಆಸುಪಾಸು ಬರುತ್ತದೆ.

ಇಷ್ಟಾದ ಮೇಲೂ ನಗರದ ಒಬ್ಬ ತರಬೇತುದಾರರು ಇದು ಜಾತ್ರೆಯ ಆಟವೇ ಹೊರತು ಸೈಕ್ಲಿಂಗ್ ಅಲ್ಲವೆಂದರು. ಟೋಕಿಯೊ, ಪ್ಯಾರಿಸ್ ಒಲಿಂಪಿಕ್ಸ್‌ಗಳ ಆಮ್ನಿಯಂ ಎಂಬ ಸಂಯುಕ್ತ ಟ್ರ್ಯಾಕ್ ಸೈಕ್ಲಿಂಗ್ ವಿಭಾಗದ ನಾಲ್ಕು ಸ್ಪರ್ಧೆಗಳಲ್ಲಿ ಎಲಿಮಿನೇಷನ್ನೂ ಪಾಯಿಂಟ್ಸ್ ರೇಸೂ ಇವೆ ಎಂದು ನಾನು ಅವರಿಗೆ ನೆನಪಿಸಿದೆ. ಟೂರ್ ಡಿ ಫ್ರಾನ್ಸ್ ಕೂಡ 1905ರಿಂದ 1912ರ ತನಕ ಸಮಯವನ್ನು ಬಿಟ್ಟು ಅಂಕಗಳ ಮೇಲೆಯೇ ವಿಜೇತರನ್ನು ಆರಿಸಿತ್ತು. ಕಳೆದ ವರ್ಷ ಅವರು ತಮ್ಮ ಐದು ಹುಡುಗರನ್ನು ಕಳಿಸಿದ್ದರು, ಇಬ್ಬರು ಅಂತಿಮಕ್ಕೆ ಬಂದರು.

ಶಾಲೆಯ ಮಕ್ಕಳ ಓಟದಲ್ಲಿಯೂ ಎಲಿಮಿನೇಷನ್ ಮಾಡಿ ನೋಡಿದೆ, ಅದು ನನಗೆ ಸರಿಕಾಣಲಿಲ್ಲ. ಹೆಚ್ಚು ಓಡಬೇಕಾದ ಮಕ್ಕಳೇ ಮೊದಲು ಹೊರಗೆ ಕುಳಿತರು. ಅದನ್ನು ತಿರುಗಿಸಿ, ಪ್ರತಿ ಸುತ್ತಿನಲ್ಲಿ ಮೊದಲು ಬಂದವರು ಗೆದ್ದು ಹೊರಗೆ ಹೋಗಲಿ, ಉಳಿದವರು ಮುಂದಿನ ಸ್ಥಾನಕ್ಕೆ ಓಡಲಿ ಎಂದು ಮಾಡಿದಾಗ ಮೈದಾನದ ಕಳೆಯೇ ಬೇರೆಯಾಯಿತು. ಮ್ಯಾಡಿಸನ್ ಎಂಬ ಟ್ರ್ಯಾಕ್ ಸೈಕಲ್ ಸ್ಪರ್ಧೆಯ ಮಾದರಿಯಲ್ಲಿ ಜೋಡಿ ಸ್ಪರ್ಧೆಯನ್ನೂ ಒಮ್ಮೆ ಇಟ್ಟಿದ್ದೆವು. ಅಲ್ಲಿಯಂತೆ ಕೈಹಿಡಿದು ಜೊತೆಗಾರನನ್ನು ಮುಂದಕ್ಕೆ ಎಸೆಯುವುದು ನಮ್ಮ ರಸ್ತೆಯಲ್ಲಿ ಅಪಾಯವಾದ್ದರಿಂದ, ನಿಂತ ಜೊತೆಗಾರನ ಕೈಗೆ ವಲ್ಲಿ ಕೊಟ್ಟು ಬದಲಾಗುವಂತೆ ಮಾಡಿದೆವು. ಜನ ಮೆಚ್ಚಿದರು, ಆದರೆ ವಲ್ಲಿಯೊಂದು ಚೈನಿಗೆ ಸಿಕ್ಕಿ ಹುಡುಗನೊಬ್ಬನ ಮೊಣಕೈ ತರಚಿತು. ಈಗ ಕೈಗವಸು ಕಡ್ಡಾಯ ಮಾಡಿ, ವಲ್ಲಿಯ ಬದಲು ಗಿಡ್ಡ ಕೋಲು ಕೊಡಬೇಕೆಂದಿದ್ದೇನೆ.

ಈ ವರ್ಷ ಬೆಳಿಗ್ಗೆ ಆರೂವರೆಗೆ ಆರಂಭಿಸಿ ಒಂಬತ್ತೂಕಾಲಿಗೆ ಮುಗಿಸಿದೆವು. ಕೊನೆಯ ಗಂಟೆಗೆ ಮೊದಲು ಹಲಗೆಯ ಮೇಲೆ ಮೂವರು 9, 8, 8 ಅಂಕಗಳಲ್ಲಿದ್ದರು. ನಾಲ್ಕು ಅಂಕವಿದ್ದ ಒಬ್ಬ ಹುಡುಗ ಏರಿಯ ಮೇಲೆಯೇ ಗುಂಪು ಬಿಟ್ಟು ಹೊರಟು, ಹತ್ತು ಅಂಕ ಪಡೆದು ಗೆದ್ದ, ಏಕೆಂದರೆ ಹಿಂದಿನ ಮೂವರೂ ಒಬ್ಬರನ್ನೊಬ್ಬರು ಕಾಯುತ್ತ ಉಳಿದು, ಗೆರೆಗೆ ಬರುವಷ್ಟರಲ್ಲಿ ಬೇರೆ ಇಬ್ಬರು ಅವರಿಗಿಂತ ಮುಂದೆ ನುಗ್ಗಿ ಬಂದಿದ್ದರು. ಲೆಕ್ಕ ಮುಗಿದ ಮೇಲೆ ಸುಮಾರು 1,800 ರೂಪಾಯಿ ಉಳಿಯಿತು. ಏರಿಯ ತಿರುವಿನಲ್ಲಿ ಗಂಟೆಯ ಸದ್ದು ಕೇಳುವುದಿಲ್ಲವೆಂದು ಹುಡುಗರು ಹೇಳುತ್ತಲೇ ಇದ್ದುದರಿಂದ, ಆ ಹಣದಲ್ಲಿ ಅಲ್ಲಿಗೊಂದು ಹಿತ್ತಾಳೆಯ ಗಂಟೆ ತಂದಿಟ್ಟಿದ್ದೇನೆ.